ಅಮ್ಮಕ್ಕ ಬರೆದ ಎಂಟು

ಅಮ್ಮಕ್ಕನ ಬಗ್ಗೆ ಬರೆಯುವ ಯೋಗ್ಯತೆ ನಮ್ಮ ಊರಿನಲ್ಲಿ ಯಾರಿಗಾದರೂ ಇಲ್ಲ ಎಂದಾದರೆ ಅದು ನನಗೆ. ಆದರೂ ಬರೆಯುತ್ತಿದ್ದೇನೆ. ಅವರ ಬದುಕಿನ ಇಪ್ಪತ್ತಮೂರು ದಿನಗಳನ್ನು ಹಾಳು ಮಾಡಿದವನು ನಾನೇ. ಬೇರೆ ಯಾರಾದರೂ ಬರೆದರೆ, ಪಾಪ ಯೋಗೀಶನ ಮರ್ಯಾದೆ ಯಾಕೆ ತೆಗೆಯುವುದು ಎಂದು ಆ ಭಾಗವನ್ನೇ ಬಿಟ್ಟುಬಿಟ್ಟಾರು. ಬಿಡಬಾರದು.

ಅವರ ಹೆಸರು ಅಮ್ಮು. ವಯಸ್ಸು ಐವತ್ತನಾಲ್ಕು. ಎಣ್ಮಕಜೆಯ ಗೇರು ತೋಟದಲ್ಲಿ ಹುಲ್ಲು ಕೆರೆಯುವ, ಬೀಜ ಹೆಕ್ಕುವ ಕೆಲಸಕ್ಕೆ ಹದಿನೇಳನೆಯ ವಯಸ್ಸಿಗೇ ಹೋದವರು. ಗಂಡ ತೀರಿಕೊಂಡ ಮೇಲೆ ಮಗಳು ಅಶ್ಮಿತಾಳನ್ನು ಓದಿಸಿ ಮಂಜೇಶ್ವರಕ್ಕೆ ಮದುವೆ ಮಾಡಿ ಕೊಟ್ಟರು. ಆಮೇಲೆ ನಮ್ಮಲ್ಲಿ ಪಾಲಿಯೇಟಿವ್ ಎಂದು ಕರೆಯುವ ಕೆಲಸಕ್ಕೆ ಸೇರಿದರು. ಅಂದರೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆಯುವುದು, ಮಗ್ಗುಲು ಬದಲಿಸುವುದು, ಮಾತ್ರೆ ನೋಡಿ ಕೊಡುವುದು. ಊರಿನವರೇ ಸೇರಿ ನಡೆಸುವ ಒಂದು ಸಣ್ಣ ಕೂಟ ಅದು. ನಿವೃತ್ತ ಹೆಡ್‌ಮಾಸ್ಟ್ರು ಈಶ್ವರಪ್ರಸಾದರು ಅಧ್ಯಕ್ಷರು. ಅಮ್ಮಕ್ಕನ ಜೊತೆ ರಶ್ಮಿತಾ, ದೀಕ್ಷಿತಾ ಎಂಬ ಇನ್ನಿಬ್ಬರು. ಮೂವರಿಗೆ ಅರುವತ್ತಮೂರು ಮನೆ.

ಅರುವತ್ತಮೂರು ಮನೆಯೂ ಅಮ್ಮಕ್ಕನಿಗೆ ಬಾಯಿಪಾಠ. ಯಾರ ಬೆನ್ನಿನ ಹುಣ್ಣು ಯಾವ ಬದಿಗೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿ ಮಾತ್ರೆಯನ್ನು ನಾಲಗೆಯಡಿ ಅಡಗಿಸಿ ಆಮೇಲೆ ಕಿಟಕಿಯಿಂದ ಉಗುಳುತ್ತಾಳೆ, ಎಲ್ಲ ಹೇಳುತ್ತಿದ್ದರು. ಅಷ್ಟು ನೆನಪಿದ್ದರೂ ತನ್ನ ನೆನಪನ್ನು ನಂಬುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಕ್ರಮ ಮಾಡಿದ್ದರು. ಸಂಜೆ ನಾಲ್ಕಕ್ಕೆ ಮೂವರೂ ಆಫೀಸಿನ ಜಗಲಿಯಲ್ಲಿ ಕಾಲು ಚಾಚಿ ಕೂರುವುದು. ಒಬ್ಬರು ಹೇಳುವುದು: ಇಂಥವರಿಗೆ ಇವತ್ತಿನಿಂದ ರಾತ್ರಿಯ ಮಾತ್ರೆ ಅರ್ಧ. ಉಳಿದ ಇಬ್ಬರೂ ಅದನ್ನು ತಿರುಗಿ ಹೇಳುವುದು. ಹೇಳಿದ್ದು ಸರಿಯಾದ ಮೇಲೆಯೇ ಪುಸ್ತಕಕ್ಕೆ. ಒಬ್ಬಳಿಗೆ ಜ್ವರವೆಂದು ಬರದಿದ್ದರೆ ಉಳಿದವಳು ಹೇಳಬೇಕು. ಮೂವರಲ್ಲಿ ಇಬ್ಬರ ಬಾಯಿಂದಲಾದರೂ ಬರದೆ ಆ ಕೂಟದಲ್ಲಿ ಒಂದು ಮಾತ್ರೆಯೂ ಬದಲಾಗುತ್ತಿರಲಿಲ್ಲ.

ಮೊದಲ ಸಲ ಅದನ್ನು ನೋಡಿದಾಗ ನಾನು ನಕ್ಕುಬಿಟ್ಟೆ. “ಎಂತ ಅಮ್ಮಕ್ಕ, ಒಂದನೇ ಕ್ಲಾಸಿನ ಮಗ್ಗಿಯಾ ಇದು?”

“ನಗು ಮಾರಾಯ, ನಗು. ಮಗ್ಗಿ ತಪ್ಪಿದರೆ ಮಾಸ್ಟ್ರು ಹೊಡೆಯುವುದು, ಅಷ್ಟೆ. ಇದು ತಪ್ಪಿದರೆ ಮನುಷ್ಯ ಹೋಗುವುದು” ಎಂದರು.

ನಾನು ಆಗ ಶಾರ್ಜಾದಿಂದ ಬಂದು ಪೆರ್ಲದಲ್ಲಿ ಕಂಪ್ಯೂಟರ್ ಅಂಗಡಿ ಹಾಕಿದ್ದೆ. ಅಲ್ಲಿ ಒಂಬತ್ತು ವರ್ಷ ದೊಡ್ಡ ಕಂಪನಿಯೊಂದರ ಸರ್ವರ್ ಕೋಣೆಯಲ್ಲಿ ದುಡಿದವನು. ಕೋಣೆ ತುಂಬ ಕಂಪ್ಯೂಟರ್. ಒಂದು ಸತ್ತರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳುತ್ತದೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಅದನ್ನೆಲ್ಲ ನೋಡಿ ಬಂದವನಿಗೆ ಊರಿನಲ್ಲಿ ಕೊಂಬು ಮೂಡದೆ ಇರುತ್ತದೆಯೇ? ಮಾಸ್ಟ್ರು ಬಂದು, “ನಮ್ಮ ಕೂಟಕ್ಕೆ ಎಂತಾದರೂ ಮಾಡಿ ಕೊಡು ಯೋಗೀಶ” ಎಂದಾಗ ನಾನು ತುದಿಗಾಲಲ್ಲಿ ನಿಂತೆ.

ಮೂರು ಟ್ಯಾಬ್, ಆಫೀಸಿನಲ್ಲಿ ಒಂದು ಕಂಪ್ಯೂಟರ್. ನಾಲ್ಕರಲ್ಲೂ ಅರುವತ್ತಮೂರು ಮನೆಯ ಪೂರ್ತಿ ವಿವರ. ಒಬ್ಬೊಬ್ಬ ರೋಗಿಗೆ ಒಂದೊಂದು ಪುಟ. ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲದ ಕಡೆ ಬರೆದದ್ದು ಟ್ಯಾಬಿನಲ್ಲೇ ಕೂತಿರುತ್ತದೆ. ಆಫೀಸಿಗೆ ಬಂದ ಕೂಡಲೇ ಟ್ಯಾಬು ಕಂಪ್ಯೂಟರಿನ ಜೊತೆ ಮಾತಾಡಿಕೊಂಡು ಎಲ್ಲದರಲ್ಲೂ ಒಂದೇ ವಿವರ ಬರುತ್ತದೆ. ಒಂದೇ ಪುಟಕ್ಕೆ ಇಬ್ಬರು ಬರೆದಿದ್ದರೆ? ಯಾರು ಕೊನೆಗೆ ಬರೆದರೋ ಅವರದ್ದು ಉಳಿಯುತ್ತದೆ, ಮೊದಲಿನದ್ದು ಬಿದ್ದುಹೋಗುತ್ತದೆ. ಕೊನೆಗೆ ಬರೆದವರು ಯಾರೆಂದು ಹೇಗೆ ಗೊತ್ತಾಗುವುದು? ಟ್ಯಾಬಿನ ಗಡಿಯಾರ ನೋಡಿ. ಇಷ್ಟೇ ನಾನು ಮಾಡಿದ್ದು. ಆ ಮಳೆಗಾಲದಲ್ಲಿ ದೀಕ್ಷಿತಾಳ ಟ್ಯಾಬು ತೋಡಿನ ನೀರಿಗೆ ಬಿತ್ತು. ಹೊಸದು ತಂದು ಹತ್ತು ನಿಮಿಷದಲ್ಲಿ ಎಲ್ಲ ವಿವರ ತುಂಬಿಸಿಕೊಟ್ಟೆ. ಮಾಸ್ಟ್ರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಅದಾದ ಮೇಲೆ ಜಗಲಿಯ ಮಗ್ಗಿಯನ್ನು ನಾನೇ ನಿಲ್ಲಿಸಿದೆ. “ಇನ್ನು ಯಾಕೆ ಸಮಯ ಹಾಳು? ಟ್ಯಾಬುಗಳೇ ಮಾತಾಡಿಕೊಳ್ಳುತ್ತವೆ” ಎಂದೆ. ಅಮ್ಮಕ್ಕ ಇನ್ಸುಲಿನ್ ಪೆಟ್ಟಿಗೆಗಳ ಮೇಲೆ ಯಾರಿಗೆ ಎಷ್ಟು ಎಂದು ಬರೆದ ಚೀಟಿ ಅಂಟಿಸುತ್ತಿದ್ದರು. ಅದನ್ನೂ ಬೇಡವೆಂದೆ. ಎರಡು ಕಡೆ ಬರೆದರೆ ಯಾವುದು ಸರಿ ಎಂದು ಗೊಂದಲ ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ.

“ಆಯಿತು, ನೀನು ಕಲಿತವನು” ಎಂದರು ಅಮ್ಮಕ್ಕ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇನ್ನು ನನ್ನ ಘನಕಾರ್ಯ. ನಮ್ಮ ಕಡೆ ಮನೆಯ ಗಡಿಯಾರವನ್ನು ಸರಿಯಾದ ಸಮಯಕ್ಕೆ ಇಡುವವರು ಕಡಿಮೆ. ಹತ್ತು ನಿಮಿಷ, ಹದಿನೈದು ನಿಮಿಷ ಮುಂದೆ ಇಡುತ್ತೇವೆ, ಬಸ್ಸು ತಪ್ಪಬಾರದು ಎಂದು. ಮುಂದೆ ಇದೆ ಎಂದು ಮನೆಯವರಿಗೆಲ್ಲ ಗೊತ್ತು, ಆದರೂ ಅದನ್ನು ನೋಡಿದರೆ ಕಾಲಿಗೆ ವೇಗ ಬರುತ್ತದೆ. ರಶ್ಮಿತಾ ಬರುವುದು ಬದಿಯಡ್ಕದ ಕಡೆಯಿಂದ. ಒಂದು ದಿನ ಅವಳು, “ಯೋಗೀಶಣ್ಣ, ಐದರ ಬಸ್ಸು ದಿನಾ ತಪ್ಪುತ್ತದೆ, ಇದರ ಟೈಮು ಸ್ವಲ್ಪ ಮುಂದೆ ಇಟ್ಟು ಕೊಡಿ” ಎಂದಳು. “ಅದಕ್ಕೆಂತ, ಕೊಡು” ಎಂದೆ. ಗಡಿಯಾರ ತಾನಾಗಿ ಸರಿಹೋಗುವ ವ್ಯವಸ್ಥೆಯನ್ನು ಬಂದ್ ಮಾಡಿ, ಹದಿನೈದು ನಿಮಿಷ ಮುಂದೆ ತಿರುಗಿಸಿದೆ. ಅರ್ಧ ನಿಮಿಷದ ಕೆಲಸ. ಶಾರ್ಜಾದ ಕೋಣೆಯಲ್ಲಿ ಎಲ್ಲ ಯಂತ್ರಗಳ ಗಡಿಯಾರ ಒಂದೇ ಆಗಿದೆಯೇ ಎಂದು ನೋಡಲಿಕ್ಕೆಂದೇ ಒಬ್ಬ ಇದ್ದ. ಅವನ ಪಕ್ಕದಲ್ಲಿ ಕೂತು ಒಂಬತ್ತು ವರ್ಷ ಊಟ ಮಾಡಿದ್ದೇನೆ. ಥೂ ನನ್ನ ಬುದ್ಧಿಗೆ!

ಕಳೆದ ವರ್ಷ ನವೆಂಬರಿನ ಒಂದು ಮಂಗಳವಾರ. ಗುಡ್ಡದ ಮೇಲಿನ ಪೂವಪ್ಪಣ್ಣನ ಮನೆಗೆ ಅಮ್ಮಕ್ಕ ಡಾಕ್ಟರನ್ನು ಕರೆದುಕೊಂಡು ಹೋಗಿದ್ದರು. ಪೂವಪ್ಪಣ್ಣ ಸೊಂಟ ಮುರಿದು ಮಲಗಿದವರು, ಸಕ್ಕರೆ ಕಾಯಿಲೆ ಬೇರೆ. ಬೆಳಿಗ್ಗೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಹೋಗುತ್ತಿತ್ತು. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಕಿಡ್ನಿ ಸೋತಿದೆ, ಇನ್ನು ಎಂಟು ಸಾಕು ಎಂದರು. ಅಮ್ಮಕ್ಕ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಟ್ಯಾಬಿನಲ್ಲಿ ಎಂಟು ಎಂದು ಬರೆದರು. ಪೂವಪ್ಪಣ್ಣನ ಹೆಂಡತಿ ಕಿನ್ನಿಯಕ್ಕನಿಗೆ ಬಾಯಲ್ಲೂ ಹೇಳಿದರು.

ಅದೇ ದಿನ ಹನ್ನೊಂದಕ್ಕೆ ಸರಿಯಾಗಿ ಇತ್ತ ಆಫೀಸಿನಲ್ಲಿ ರಶ್ಮಿತಾ ಮುಂದಿನ ತಿಂಗಳ ಔಷಧ ಕಟ್ಟುತ್ತಿದ್ದಳು. ಪೂವಪ್ಪಣ್ಣನ ಪುಟ ತೆರೆದು, ಔಷಧ ಕಟ್ಟಿ ಆಯಿತು ಎಂದು ಗುರುತು ಹಾಕಿ ಮುಚ್ಚಿದಳು. ಆ ಪುಟದಲ್ಲಿ ಹಳೆಯ ಇಪ್ಪತ್ತು ಹಾಗೆಯೇ ಇತ್ತು. ಅವಳ ಟ್ಯಾಬಿನ ಗಡಿಯಾರದಲ್ಲಿ ಆಗ ಹನ್ನೊಂದೂಕಾಲು. ಸಂಜೆ ಅಮ್ಮಕ್ಕ ಬಂದಾಗ ಕಂಪ್ಯೂಟರು ಎರಡನ್ನೂ ನೋಡಿತು. ಹನ್ನೊಂದೂಕಾಲರ ಪುಟ ಹೊಸತು, ಹನ್ನೊಂದು ಹತ್ತರದ್ದು ಹಳತು ಎಂದು ತೀರ್ಮಾನಿಸಿ ಅಮ್ಮಕ್ಕನ ಎಂಟನ್ನು ಪಕ್ಕಕ್ಕೆ ತಳ್ಳಿತು. ಯಾವ ಗಂಟೆಯೂ ಬಾರಿಸಲಿಲ್ಲ, ಕೆಂಪು ಅಕ್ಷರವೂ ಬರಲಿಲ್ಲ. ನಾಲ್ಕು ಕಡೆಯೂ ಒಂದೇ ವಿವರ: ಇಪ್ಪತ್ತು.

ಗುರುವಾರ ಆ ಮನೆಗೆ ಹೋದದ್ದು ದೀಕ್ಷಿತಾ. ಕಿನ್ನಿಯಕ್ಕ, “ಅಮ್ಮು ಎಂಟು ಅಂತ ಹೇಳಿದ್ದಾಳಲ್ಲ ಮಾರಾಯ್ತಿ?” ಎಂದು ಕೇಳಿದರಂತೆ. ದೀಕ್ಷಿತಾ ಟ್ಯಾಬು ತೋರಿಸಿ, “ಇದರಲ್ಲಿ ಇಪ್ಪತ್ತು ಉಂಟು ಅಕ್ಕ. ಮೊನ್ನೆ ಸಂಜೆ ಎಲ್ಲರದ್ದೂ ಸೇರಿ ಬಂದದ್ದು. ಡಾಕ್ಟರು ಮತ್ತೆ ಬದಲು ಮಾಡಿರಬೇಕು” ಎಂದಳು. ಫೋನು ಮಾಡಿ ಕೇಳಲು ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಿನ್ನಿಯಕ್ಕ ಇಪ್ಪತ್ತು ಚುಚ್ಚಿದರು. ಹತ್ತು ಗಂಟೆಗೆ ಪೂವಪ್ಪಣ್ಣನ ಮೈಯೆಲ್ಲ ಬೆವತು ಪ್ರಜ್ಞೆ ಹೋಯಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಆರು ದಿನ ಇದ್ದು ಬಂದರು. ಬದುಕಿದರು. ಆದರೆ ಎಡಗೈಯಲ್ಲಿ ಬಲ ಉಳಿಯಲಿಲ್ಲ. ಮಾತು ಅರ್ಧ ಬಾಯಲ್ಲೇ ನಿಲ್ಲುತ್ತದೆ.

ಕೂಟದ ಮೀಟಿಂಗು ಕರೆದರು. ಟ್ಯಾಬು ತೆರೆದು ನೋಡಿದರೆ ಎಲ್ಲೂ ಎಂಟು ಇಲ್ಲ. ಬಾಯಲ್ಲಿ ಹೇಳಿದ್ದಾರೆ, ಬರೆದಿಲ್ಲ ಎಂದಾಯಿತು. ಅಮ್ಮಕ್ಕ ಎದ್ದು ನಿಂತು, “ನಾನು ಬರೆದಿದ್ದೇನೆ ಮಾಸ್ಟ್ರೇ. ನನ್ನ ಮಗಳ ಮೇಲೆ ಆಣೆ” ಎಂದರು.

ಮಾಸ್ಟ್ರು ನನ್ನ ಕಡೆ ತಿರುಗಿದರು. “ಯೋಗೀಶ, ಬರೆದದ್ದು ಇದರಿಂದ ಅಳಿಸಿ ಹೋಗುವುದುಂಟಾ?”

“ಇಲ್ಲ ಸರ್. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ” ಎಂದೆ. ಎದೆ ತಟ್ಟಿ ಹೇಳಿದೆ. ಬೀಳುವುದು ಹಳತು ಮಾತ್ರ ಎಂದುಕೊಂಡಿದ್ದೆ, ಹೊಸತೇ ಬೀಳಬಹುದು ಎಂದು ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು.

ಅಮ್ಮಕ್ಕ ನನ್ನ ಮುಖವನ್ನೇ ನೋಡಿದರು. ಮತ್ತೆ ನಿಧಾನವಾಗಿ ಕೂತುಕೊಂಡು, “ಹಾಗಾದರೆ ನಾನು ಬರೆಯಲಿಲ್ಲವೋ ಎಂತದೋ” ಎಂದರು. ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಅವರೇ ಟ್ಯಾಬನ್ನು ಮೇಜಿನ ಮೇಲಿಟ್ಟು, ಇನ್ನು ಬರುವುದಿಲ್ಲ ಎಂದು ಹೇಳಿ ಹೋದರು.

ಅದೇ ದಿನ ಮಧ್ಯಾಹ್ನ ನಾನು ಆಫೀಸಿನ ಕಂಪ್ಯೂಟರು ತೆರೆದೆ. ಬಿದ್ದುಹೋದ ಬರಹಗಳನ್ನೆಲ್ಲ ಅದು ಒಂದು ಪಟ್ಟಿಯಲ್ಲಿ ಇಟ್ಟಿರುತ್ತದೆ. ಅದನ್ನು ತೆರೆಯಲು ಗೊತ್ತಿರುವುದು ನನಗೊಬ್ಬನಿಗೇ. ಅಲ್ಲಿತ್ತು. ಪೂವಪ್ಪ, ಇನ್ಸುಲಿನ್, ಬೆಳಿಗ್ಗೆ, ಎಂಟು. ಬರೆದವರು ಅಮ್ಮು. ಹನ್ನೊಂದು ಹತ್ತು. ಅದರ ಕೆಳಗೆ ರಶ್ಮಿತಾಳ ಹನ್ನೊಂದೂಕಾಲು. ಅವಳ ಟ್ಯಾಬು ಎತ್ತಿ ಗಡಿಯಾರ ನೋಡಿದೆ, ನನ್ನ ಫೋನು ನೋಡಿದೆ. ಹದಿನೈದು ನಿಮಿಷ. ನಾನೇ ತಿರುಗಿಸಿದ್ದು.

ಆಗಲೇ ಎದ್ದು ಮಾಸ್ಟ್ರ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಮುಂದಿನ ತಿಂಗಳು ಕಾಸರಗೋಡಿನಲ್ಲಿ ಬೇರೆ ಊರುಗಳ ಕೂಟದವರೆಲ್ಲ ಸೇರುವವರಿದ್ದರು. ನಾನು ಮಾಡಿದ್ದನ್ನು ತೋರಿಸಲು ನನ್ನನ್ನೇ ಕರೆದಿದ್ದರು. ಹೆಸರು ಅಚ್ಚಾದ ಕಾಗದ ನನ್ನ ಕಿಸೆಯಲ್ಲಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಯೂ ನಾಳೆ ಎಂದೆ. ರಶ್ಮಿತಾಳ ಗಡಿಯಾರವನ್ನು ಮಾತ್ರ ಅವತ್ತೇ ಸರಿ ಮಾಡಿದೆ, ಯಾರಿಗೂ ಹೇಳದೆ, ಕಳ್ಳನ ಹಾಗೆ. ಇದಕ್ಕಿಂತ ಹೆಚ್ಚು ನಾಚಿಕೆಯ ಕೆಲಸವನ್ನು ನಾನು ನನ್ನ ಜನ್ಮದಲ್ಲಿ ಮಾಡಿಲ್ಲ.

ಆ ದಿನಗಳಲ್ಲಿ ಅಮ್ಮಕ್ಕ ಎಂತ ಮಾಡುತ್ತಿದ್ದರು ಎಂದು ಊರಿಗೆಲ್ಲ ಗೊತ್ತಿತ್ತು. ಪೂವಪ್ಪಣ್ಣ ಆಸ್ಪತ್ರೆಯಿಂದ ಬಂದ ಮರುದಿನದಿಂದ ಬೆಳಿಗ್ಗೆ ಗುಡ್ಡ ಹತ್ತಿ ಅವರ ಮನೆಗೆ ಹೋಗುತ್ತಿದ್ದರು. ಯಾರೂ ಕರೆಯಲಿಲ್ಲ. ಮೈ ಒರೆಸಿ, ಬಟ್ಟೆ ಒಗೆದು, ಎಡಗೈಗೆ ಎಣ್ಣೆ ತಿಕ್ಕಿ ಬರುತ್ತಿದ್ದರು. ಪೂವಪ್ಪಣ್ಣ ಅವರನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರಂತೆ. ಇದನ್ನು ನನ್ನ ಅಂಗಡಿಗೆ ಬಂದವರೇ ಹೇಳುತ್ತಿದ್ದರು. ನಾನು “ಛೆ, ಪಾಪ” ಎನ್ನುತ್ತಿದ್ದೆ. ಹೌದು, ಛೆ ಪಾಪ ಎಂದಿದ್ದೇನೆ ನಾನು, ಈ ಬಾಯಿಯಿಂದ.

ಮೀಟಿಂಗು ಆಗಿ ಇಪ್ಪತ್ತಮೂರನೆಯ ದಿನ ಅಮ್ಮಕ್ಕನ ಮನೆಗೆ ಹೋದದ್ದು ಒಳ್ಳೆಯ ಬುದ್ಧಿಯಿಂದಲ್ಲ. ಟ್ಯಾಬಿನ ಚಾರ್ಜರ್ ಅವರಲ್ಲೇ ಉಳಿದಿತ್ತು, ಕಾಸರಗೋಡಿನಲ್ಲಿ ತೋರಿಸಲು ಅದು ಬೇಕಿತ್ತು. ಅಮ್ಮಕ್ಕ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ಹದಿನೈದು ಕಿಲೋ ಇಳಿದಂತೆ ಕಂಡರು.

“ಬಾ ಯೋಗೀಶ, ಒಳ್ಳೆಯದಾಯಿತು ಬಂದದ್ದು. ಟ್ಯಾಬು ತಂದಿದ್ದೀಯಾ? ನನಗೊಂದು ಉಪಕಾರ ಮಾಡು. ನಾನು ಒಂದೊಂದೇ ಮನೆ ಹೇಳುತ್ತೇನೆ, ನೀನು ಅದರಲ್ಲಿ ನೋಡಿ ಸರಿ ಉಂಟಾ ಹೇಳು.”

“ಯಾಕೆ ಅಮ್ಮಕ್ಕ?”

“ನೋಡು ಮಾರಾಯ, ಸುಮ್ಮನೆ ನೋಡು.”

ಕೈಯಲ್ಲಿ ಬಸಳೆ ಹಿಡಿದುಕೊಂಡೇ ಹೇಳತೊಡಗಿದರು. ಮೇಲಿನ ಓಣಿಯ ಅಜ್ಜಿಗೆ ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಅರ್ಧ. ಶಾಲೆಯ ಹಿಂದಿನ ಮನೆಯವರಿಗೆ ನೋವಿನ ಮಾತ್ರೆ ಆರು ಗಂಟೆಗೊಮ್ಮೆ. ಒಂದು, ಎರಡು, ಹತ್ತು, ಮೂವತ್ತು ಮನೆ. ನಾನು ಬೆರಳು ಆಡಿಸುತ್ತಾ ಹೋದೆ. ಒಂದೂ ತಪ್ಪಿರಲಿಲ್ಲ. ಪೂವಪ್ಪಣ್ಣನ ಹೆಸರು ಬಂದಾಗ ನಿಲ್ಲಿಸಿದರು.

“ಇಲ್ಲಿ ನೋಡು, ನನ್ನ ಕಣ್ಣಿಗೆ ಈಗಲೂ ಕಾಣುತ್ತದೆ. ನಾನು ಅವರ ಕಟ್ಟೆಯಲ್ಲಿ ಕೂತಿದ್ದೇನೆ. ಇಪ್ಪತ್ತನ್ನು ಅಳಿಸಿದೆ. ಎಂಟು ಒತ್ತಿದೆ. ಬೆರಳಿಗೆ ಸಹ ನೆನಪುಂಟು. ಆದರೆ ನಾನು ಬರೆಯಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆಗದೆ ಇದ್ದದ್ದು ಆಗಿದೆ ಅಂತ ಕಾಣುವುದು ಕಾಯಿಲೆ ಅಲ್ಲವಾ? ನನ್ನ ಅಮ್ಮ ಕೊನೆಗೆ ಹೀಗೆಯೇ ಇದ್ದದ್ದು. ಖಾಲಿ ಪಾತ್ರೆ ತೋರಿಸಿ ಗಂಜಿ ಬೇಯಿಸಿದ್ದೇನೆ, ಬಡಿಸು ಎನ್ನುತ್ತಿದ್ದಳು. ಅಶ್ಮಿತಾ ಮಂಗಳೂರಿನಲ್ಲಿ ತಲೆಯ ಡಾಕ್ಟರಿಗೆ ಹೇಳಿಟ್ಟಿದ್ದಾಳೆ, ಸೋಮವಾರಕ್ಕೆ. ನನಗೆ ಹೆದರಿಕೆ ಆಗುತ್ತದೆ ಯೋಗೀಶ. ನಾಳೆ ಅವಳ ಮಗುವನ್ನು ಎತ್ತಿಕೊಂಡು ಎಲ್ಲಿಯಾದರೂ ಇಟ್ಟು ಬಂದರೆ?”

ಅಷ್ಟರವರೆಗೆ ನಾನು ಅವರ ಕೆಲಸ ಹೋಯಿತು, ಹೆಸರು ಹೋಯಿತು ಎಂದಷ್ಟೇ ಎಣಿಸಿದ್ದೆ. ಅವರು ತಮ್ಮ ತಲೆಯನ್ನೇ ನಂಬದ ಹಾಗೆ ಮಾಡಿಬಿಟ್ಟಿದ್ದೇನೆ ಎಂದು ಹೊಳೆದಿರಲಿಲ್ಲ. ಟ್ಯಾಬನ್ನು ಕೆಳಗಿಟ್ಟೆ.

“ಅಮ್ಮಕ್ಕ, ನೀವು ಬರೆದಿದ್ದೀರಿ.”

ಒಂದೊಂದಾಗಿ ಎಲ್ಲ ಹೇಳಿದೆ. ರಶ್ಮಿತಾಳ ಬಸ್ಸು, ಹದಿನೈದು ನಿಮಿಷ, ಪಕ್ಕಕ್ಕೆ ಬಿದ್ದ ಎಂಟು. ಹೇಳುವಾಗ ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ನೆಲ ನೋಡಿಕೊಂಡೇ ಹೇಳಿದೆ.

“ಹಾಗಾದರೆ ನನ್ನ ತಲೆ ಸರಿ ಉಂಟು” ಎಂದರು ಅಮ್ಮಕ್ಕ. “ದೇವರೇ, ನನ್ನ ತಲೆ ಸರಿ ಉಂಟು.” ಬಸಳೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತರು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಒರೆಸಿಕೊಂಡು ಕೇಳಿದರು, “ನಿನಗೆ ಯಾವತ್ತು ಗೊತ್ತಾಯಿತು?”

ನಿನ್ನೆ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು.

“ಮೀಟಿಂಗಿನ ದಿವಸವೇ. ಮಧ್ಯಾಹ್ನ.”

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬಸಳೆಯ ಸೊಪ್ಪನ್ನೂ ದಂಟನ್ನೂ ಬೇರೆ ಬೇರೆ ಮಾಡಿ ಇಟ್ಟು, “ಇಷ್ಟು ದಿವಸ ನಾನು ಪೂವಪ್ಪಣ್ಣನ ಕಾಲು ಹಿಡಿದು ತಪ್ಪಾಯಿತು, ತಪ್ಪಾಯಿತು ಅಂತ ಹೇಳಿದ್ದೇನೆ. ಅದನ್ನು ಇನ್ನು ಹೇಗೆ ಹಿಂದೆ ತೆಗೆಯುವುದು, ಹೇಳು. ನಿನ್ನ ಮೆಶಿನಿನಲ್ಲಿ ಅದಕ್ಕೆ ಎಂತಾದರೂ ಉಂಟಾ?” ಎಂದರು. ಮತ್ತೆ “ಚಾರ್ಜರ್ ಒಳಗೆ ಕಪಾಟಿನ ಮೇಲೆ ಉಂಟು, ತೆಗೆದುಕೊಂಡು ಹೋಗು” ಎಂದು ಎದ್ದು ಒಳಗೆ ಹೋದರು.

ಚಾರ್ಜರ್ ತೆಗೆದುಕೊಳ್ಳಲಿಲ್ಲ. ನೇರ ಮಾಸ್ಟ್ರ ಮನೆಗೆ ಹೋಗಿ ಹೇಳಿದೆ. ಅವರು, “ನಾನು ನಿನ್ನ ಮಾತು ಕೇಳಿ ಅವಳನ್ನು ಮನೆಯಲ್ಲಿ ಕೂರಿಸಿಬಿಟ್ಟೆನಲ್ಲ ಮಾರಾಯ” ಎಂದರಷ್ಟೇ. ಕಾಸರಗೋಡಿನವರಿಗೆ ಬರುವುದಿಲ್ಲ ಎಂದು ನಾನೇ ಫೋನು ಮಾಡಿದೆ. ಯಾಕೆ ಎಂದು ಕೇಳಿದರು, ಅದನ್ನೂ ಹೇಳಿದೆ. ಮರುದಿನ ಮಾಸ್ಟ್ರು ನನ್ನನ್ನು ಕರೆದುಕೊಂಡು ಪೂವಪ್ಪಣ್ಣನ ಮನೆಗೆ ಗುಡ್ಡ ಹತ್ತಿದರು. ಅಮ್ಮಕ್ಕನಿಗೂ ಹೇಳಿ ಕಳಿಸಿದ್ದರು.

ಕಿನ್ನಿಯಕ್ಕ ನಮಗೆ ಕುಡಿಯಲು ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ನಾನು ಮುಟ್ಟದೆ, ಮಂಚದ ಹತ್ತಿರ ನಿಂತು ಎಲ್ಲ ಹೇಳಿದೆ. ಕಿನ್ನಿಯಕ್ಕನಿಗೆ ಗಡಿಯಾರದ ಲೆಕ್ಕ ತಿಳಿಯಲಿಲ್ಲ. “ಅಮ್ಮು ಬರೆದಿದ್ದಳಾ, ಇಲ್ಲವಾ? ಅದೊಂದು ಹೇಳು” ಎಂದರು.

“ಬರೆದಿದ್ದರು. ತಪ್ಪು ನನ್ನದು.”

ಕಿನ್ನಿಯಕ್ಕ ಅಲ್ಲೇ ನೆಲದಲ್ಲಿ ಕೂತುಬಿಟ್ಟರು. “ಅಯ್ಯೋ, ದಿನಾ ಬೆಳಿಗ್ಗೆ ಈ ಗುಡ್ಡ ಹತ್ತಿ ಬಂದಳು. ನಾನು ಅವಳಿಗೆ ಒಂದು ಲೋಟ ನೀರು ಕೊಡಲಿಲ್ಲ. ಬಾಗಿಲಿಗೆ ಬಂದವಳಿಗೆ ನೀರು ಕೊಡಲಿಲ್ಲ ನಾನು” ಎಂದು ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ಅಮ್ಮಕ್ಕ ಅಂಗಳಕ್ಕೆ ಬಂದರು. ಒಳಗೆ ಬಂದು ನನ್ನನ್ನು ದಾಟಿ, ಎಂದಿನಂತೆ ಎಣ್ಣೆಯ ಬಾಟಲಿ ತೆಗೆದು ಮಂಚದ ಬದಿಯಲ್ಲಿ ಕೂತರು. ಪೂವಪ್ಪಣ್ಣ ಆ ದಿನ ಗೋಡೆಯ ಕಡೆ ತಿರುಗಲಿಲ್ಲ. ಎಂತದೋ ಹೇಳಲು ಹೊರಟರು. “ಅಮ್ಮೂ… ನಾ… ನಾನು…” ಮುಂದಿನದು ಬರಲಿಲ್ಲ. ಎರಡು ಸಲ ಪ್ರಯತ್ನ ಮಾಡಿದರು. ಬಾಯಿ ಓರೆಯಾಯಿತು, ಕಣ್ಣಿಂದ ನೀರು ಕಿವಿಯವರೆಗೆ ಇಳಿಯಿತು. ಆಮೇಲೆ ಬಲಗೈಯಿಂದ ತಮ್ಮ ಎಡಗೈಯನ್ನು ಹಿಡಿದು ಎತ್ತಿ, ಎದೆಯ ಮೇಲೆ ತಂದಿಟ್ಟು, ಅದಕ್ಕೆ ಬಲಗೈ ಸೇರಿಸಿ ಅಮ್ಮಕ್ಕನಿಗೆ ಕೈಮುಗಿದರು.

“ಬೇಡ ಪೂವಪ್ಪಣ್ಣ, ನೀವಲ್ಲ, ನೀವು ಕೈಮುಗಿಯಬಾರದು” ಎಂದು ಅಮ್ಮಕ್ಕ ಆ ಎರಡು ಕೈಗಳನ್ನು ಹಿಡಿದುಕೊಂಡರು. ನಾನು ಮಂಚದ ಇನ್ನೊಂದು ಬದಿಯಲ್ಲೇ ನಿಂತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.